ಸ್ಪಷ್ಟನೆ: ಸಣ್ಣ ಟ್ರ್ಯಾಕ್ಟರ್ ಜೆಸಿಬಿ ಆಗುವುದಿಲ್ಲ

ದೇವನಹಳ್ಳಿ, ನೆಲಮಂಗಲ ಕಡೆ ತೋಟ ಮಾಡುವ ಬೆಂಗಳೂರಿನವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "25 ಎಚ್‌ಪಿ ಟ್ರ್ಯಾಕ್ಟರ್‌ಗೆ ಲೋಡರ್ (ಮುಂದೆ ಮಣ್ಣು ಎತ್ತುವ ಬಕೆಟ್), ಬ್ಯಾಕ್‌ಹೋ (ಹಿಂದೆ ನೆಲ ಅಗೆಯುವ ತೋಳು) ಹಾಕಿಸಿ, ಜೆಸಿಬಿ ಬೇಡ. ಎಚ್‌ಪಿ ಒಂದೇ ನೋಡಿ." ಇದು ತಪ್ಪು.

ಲೋಡರ್ ಎಷ್ಟು ಎತ್ತುತ್ತದೆ ಎನ್ನುವುದಕ್ಕೆ ಹೈಡ್ರಾಲಿಕ್ ಒತ್ತಡ, ಮುಂದಿನ ಆಕ್ಸಲ್‌ನ ಬಲ, ಗಾಡಿಯ ತೂಕ ಮುಖ್ಯ. ಹಿಂದೆ ತೂಕ ಕಟ್ಟದೆ ಮಣ್ಣು ತುಂಬಿದ ಬಕೆಟ್ ಎತ್ತಿದರೆ ಹಿಂದಿನ ಚಕ್ರ ಹಗುರವಾಗಿ ಗಾಡಿ ಮಗುಚಬಹುದು. ಬ್ಯಾಕ್‌ಹೋ ವಿಷಯದಲ್ಲಂತೂ ಜಾಸ್ತಿ ಎಚ್ಚರ ಬೇಕು. ಸುಮ್ನೆ ತ್ರೀ ಪಾಯಿಂಟ್ ಲಿಂಕೇಜ್‌ಗೆ (ನೇಗಿಲು ಮುಂತಾದವನ್ನು ಸಿಕ್ಕಿಸುವ ಹಿಂಬದಿಯ ಮೂರು ಕೊಂಡಿ) ಸಿಕ್ಕಿಸಿದರೆ ಅಗೆಯುವ ಎಳೆತಕ್ಕೆ ಟ್ರ್ಯಾಕ್ಟರ್‌ನ ನಡುಭಾಗವೇ ಬಿರುಕು ಬಿಡಬಹುದು. ಅದಕ್ಕೇ ಆ ಎಳೆತ ತಡೆಯಲು ಸಬ್‌ಫ್ರೇಮ್, ಅಂದರೆ ಟ್ರ್ಯಾಕ್ಟರ್ ಕೆಳಗೆ ಉದ್ದಕ್ಕೂ ಕೂರಿಸುವ ಉಕ್ಕಿನ ಚೌಕಟ್ಟು, ಹಾಕಿಸುವುದು. ಜೆಸಿಬಿ 7 ಟನ್‌ಗೂ ಜಾಸ್ತಿ ತೂಗುತ್ತದೆ, ಇಂಥ ಸಣ್ಣ ಟ್ರ್ಯಾಕ್ಟರ್ ಸಾಮಾನ್ಯವಾಗಿ 2 ಟನ್‌ಗಿಂತ ಕಡಿಮೆ. ಗಟ್ಟಿ ನೆಲದಲ್ಲಿ ಹೋಲಿಕೆಯೇ ಇಲ್ಲ ಅಲ್ವಾ?

ಕೊಳ್ಳುವ ಮುಂಚೆ ಟ್ರ್ಯಾಕ್ಟರ್‌ನ ಕೈಪಿಡಿಯಲ್ಲಿ ಲೋಡರ್, ಬ್ಯಾಕ್‌ಹೋ ಎರಡಕ್ಕೂ ಒಪ್ಪಿಗೆ ಇದೆಯಾ ನೋಡಿ. ಆ ಸಂದೇಶವನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.