ಮುಟ್ಟಿನ ನೋವಿಗೂ ಬೊಂಡಕ್ಕೂ ಸಂಬಂಧವಿಲ್ಲ: ಸ್ಪಷ್ಟನೆ

ಮುಟ್ಟಿನ ದಿನಗಳಲ್ಲಿ ಬೊಂಡ (ಎಳನೀರು) ಕುಡಿದರೆ ಗರ್ಭಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ನೋವು ಹೆಚ್ಚುತ್ತದೆ, ಶುಂಠಿ ಕಷಾಯವೊಂದೇ ಅದಕ್ಕೆ ಶಾಶ್ವತ ಪರಿಹಾರ ಎಂಬ ಸಂದೇಶವು ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಇದರ ಮೊದಲ ಮಾತು ತಪ್ಪು, ಎರಡನೆಯದು ಅತಿಶಯೋಕ್ತಿ. ಗರ್ಭಕೋಶದ ಒಳಪದರದಲ್ಲಿ ಉತ್ಪತ್ತಿಯಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಅಲ್ಲಿನ ಸ್ನಾಯುಗಳನ್ನು ಬಲವಾಗಿ ಸಂಕುಚಿಸಿ ರಕ್ತಸಂಚಾರವನ್ನು ತಗ್ಗಿಸುವುದರಿಂದ ಈ ನೋವು ಉಂಟಾಗುತ್ತದೆ. ಜಠರಕ್ಕೆ ಇಳಿಯುವ ಬೊಂಡದ ನೀರಿಗೆ ಇದರಲ್ಲಿ ಪಾತ್ರವಿಲ್ಲ. ಶುಂಠಿಯಿಂದ ಕೆಲವರಿಗೆ ನೋವು ತಗ್ಗುವುದು ನಿಜವಾದರೂ ಅದು ತಾತ್ಕಾಲಿಕ ಉಪಶಮನ ಮಾತ್ರ. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲದ ಶಾಖ ಮತ್ತು ನಿಯಮಿತ ವ್ಯಾಯಾಮವೂ ನೆರವಾಗುತ್ತವೆ. ನಮಗೆ ನಿಜವಾಗಿ ಕಳವಳ ತರುವುದು, ಇಂತಹ ಸಂದೇಶಗಳನ್ನು ನಂಬಿ ಹೆಣ್ಣುಮಕ್ಕಳು ಚಿಕಿತ್ಸೆಯನ್ನು ಮುಂದೂಡುವುದು. ತಿಂಗಳಿಂದ ತಿಂಗಳಿಗೆ ಹೆಚ್ಚುವ ನೋವಿನ ಹಿಂದೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂತಹ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇರಬಹುದಾದ್ದರಿಂದ, ಅಂಥವರು ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು.