ಕ್ಲೀನ್‌ಹೆಡ್ ವಿನ್ಸನ್‌ಗೆ ಸಲ್ಲದೆ ಉಳಿದ ಲೆಕ್ಕ

ಜಾಝ್ ಕೇಳುವವರಲ್ಲಿಯೂ ಅಮೆರಿಕದ ಹಾಡುಗಾರ, ಸ್ಯಾಕ್ಸೊಫೋನ್ ವಾದಕ ಎಡ್ಡಿ ವಿನ್ಸನ್ ಹೆಸರು ಬಲ್ಲವರು ಕಡಿಮೆ. ಬಲ್ಲವರಿಗೂ ಮೊದಲು ನೆನಪಾಗುವುದು ಆತನ ಬೋಳುತಲೆ. ಗುಂಗುರು ಕೂದಲು ನೇರವಾಗಲೆಂದು ಹಚ್ಚಿಕೊಂಡ ಕ್ಷಾರದ ಲೇಪ ಕೂದಲನ್ನೇ ಸುಟ್ಟುಹಾಕಿತು. ಆ ಮೇಲೆ ಆತ ತಲೆ ಬೋಳಿಸಿಕೊಂಡೇ ಉಳಿದ, ‘ಕ್ಲೀನ್‌ಹೆಡ್’ ಎಂಬ ಅಡ್ಡಹೆಸರೂ ಉಳಿಯಿತು. ಆ ಬೋಳನ್ನೇ ಹಾಡಾಗಿಸಿ ನಗಿಸಿದ್ದರಿಂದಲೋ ಏನೋ, ಆತನನ್ನು ಬರೀ ವಿನೋದದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಬಗೆ) ಹಾಡುಗಾರನೆಂದು ಬದಿಗಿಡುವವರು ಇಂದಿಗೂ ಇದ್ದಾರೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

1917ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಹುಟ್ಟಿದ ವಿನ್ಸನ್, ಅಲ್ಲಿನ ಮಿಲ್ಟ್ ಲಾರ್ಕಿನ್ ತಂಡದಲ್ಲಿ ಪಳಗಿ, 1942ರಲ್ಲಿ ಟ್ರಂಪೆಟ್ ವಾದಕ ಕೂಟಿ ವಿಲಿಯಮ್ಸ್ ತಂಡ ಸೇರಿದ. ನುಡಿಸುತ್ತಿದ್ದುದು ಆಲ್ಟೊ ಸ್ಯಾಕ್ಸೊಫೋನ್, ನಮ್ಮ ಕದ್ರಿ ಗೋಪಾಲನಾಥರ ಕೈಯಲ್ಲಿದ್ದ ಬಗೆಯದೇ. 1944ರಲ್ಲಿ ಆ ತಂಡದೊಡನೆ ಹಾಡಿದ ‘ಚೆರ್ರಿ ರೆಡ್ ಬ್ಲೂಸ್’ ಆತನಿಗೆ ಹೆಸರು ತಂದಿತು. ಪಿಯಾನೊ ವಾದಕ ಥೆಲೋನಿಯಸ್ ಮಂಕ್‌ನ ‘ರೌಂಡ್ ಮಿಡ್‌ನೈಟ್’ ಮೊದಲ ಬಾರಿಗೆ ಧ್ವನಿಮುದ್ರಣಗೊಂಡದ್ದೂ ಅದೇ ವರ್ಷ, ಅದೇ ತಂಡದಿಂದ. ಮುಂದೆ ಸ್ವಂತ ತಂಡ ಕಟ್ಟಿದ ವಿನ್ಸನ್‌ನ ‘ಓಲ್ಡ್ ಮೇಡ್ ಬೂಗಿ’ 1947ರಲ್ಲಿ ಕಪ್ಪು ಕೇಳುಗರ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ರೆಕಾರ್ಡಿನ ಇನ್ನೊಂದು ಬದಿಯಲ್ಲಿದ್ದ ‘ಕಿಡ್ನಿ ಸ್ಟ್ಯೂ’ ಕಡೆಯವರೆಗೂ ಆತನ ಗುರುತಿನ ಹಾಡಾಗಿತ್ತು.

ಆತನ ಹಾಡನ್ನು ಗಮನವಿಟ್ಟು ಕೇಳಬೇಕು. ಒರಟಾದ, ತುಂಬಿದ ಗಂಟಲಿನಲ್ಲಿ ಸಾಲನ್ನು ಎತ್ತಿಕೊಂಡು ಬರುವ ಆತ, ಸಾಲಿನ ತುದಿಗೆ ಬಂದಾಗ ದನಿಯನ್ನು ಬೇಕೆಂದೇ ಒಡೆಯುತ್ತಾನೆ. ಅದು ಕೀರಲಾಗಿ ಮೇಲಕ್ಕೆ ಚಿಮ್ಮಿ ಅಲ್ಲಿಯೇ ಕಡಿದುಹೋಗುತ್ತದೆ. ಕೇಳುಗರು ಇದನ್ನು ತಮಾಷೆ ಎಂದುಕೊಂಡರು. ನನಗಂತೂ ಅದು ರೀಡನ್ನು, ಅಂದರೆ ವಾದ್ಯದ ಬಾಯಲ್ಲಿ ಕಂಪಿಸುವ ತೆಳು ಪಟ್ಟಿಯನ್ನು, ತುಟಿಯಿಂದ ಹಿಂಡಿದಾಗ ಸ್ಯಾಕ್ಸೊಫೋನ್ ಹೊರಡಿಸುವ ದನಿಯಂತೆಯೇ ಕೇಳಿಸುತ್ತದೆ. ಹಾಡುಗಾರ ವಿನ್ಸನ್ ಬೇರೆ, ವಾದಕ ವಿನ್ಸನ್ ಬೇರೆ ಎಂದು ವಿಂಗಡಿಸುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

1940ರ ದಶಕದ ಕೊನೆಯಲ್ಲಿ ಆತನ ತಂಡಕ್ಕೆ ಬಂದ ತರುಣನೊಬ್ಬ, ಆಲ್ಟೊ ಯಜಮಾನನ ಕೈಯಲ್ಲಿಯೇ ಇದ್ದುದರಿಂದ, ಅದಕ್ಕಿಂತ ದೊಡ್ಡದಾದ, ತಗ್ಗು ದನಿಯ ಟೆನರ್ ಸ್ಯಾಕ್ಸೊಫೋನ್ ಹಿಡಿಯಬೇಕಾಯಿತು. ಆ ತರುಣ, ಮುಂದೆ ಜಾಝ್ ಲೋಕದ ಮಹಾನ್ ವಾದಕರಲ್ಲೊಬ್ಬನೆನಿಸಿದ ಜಾನ್ ಕೋಲ್ಟ್ರೇನ್. 1961-62ರಲ್ಲಿ ಕ್ಯಾನನ್‌ಬಾಲ್ ಆಡರ್ಲಿಯ ತಂಡದೊಡನೆ ಮಾಡಿದ ಮುದ್ರಣಗಳಲ್ಲಿ ವಿನ್ಸನ್, ಆ ಕಾಲದ ಅತಿ ಚುರುಕಾದ ಆಲ್ಟೊ ವಾದಕನಾದ ಆಡರ್ಲಿಯ ಎದುರು ಒಂದಿಷ್ಟೂ ಅಳುಕದೆ ನುಡಿಸುತ್ತಾನೆ.

ಇನ್ನು ‘ಟ್ಯೂನ್ ಅಪ್’ ಮತ್ತು ‘ಫೋರ್’. 1950ರ ದಶಕದ ಮೊದಲಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಧ್ವನಿಮುದ್ರಿಸಿದ ಈ ಎರಡೂ ಕೃತಿಗಳು ವಿನ್ಸನ್‌ನವೇ ಎಂಬ ಮಾತು ಜಾಝ್ ವಲಯದಲ್ಲಿ ಬಹಳ ಹಳೆಯದು. ನಾನೂ ಅದನ್ನು ನಂಬುತ್ತೇನೆ. ‘ಟ್ಯೂನ್ ಅಪ್’ನಲ್ಲಿ ಡಿ ಶ್ರುತಿಯಲ್ಲಿ ಬರುವ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಸರಣಿ ಒಂದು ಮೆಟ್ಟಿಲಿಳಿದು ಸಿ ಶ್ರುತಿಯಲ್ಲಿ, ಮತ್ತೊಂದು ಮೆಟ್ಟಿಲಿಳಿದು ಬಿ-ಫ್ಲಾಟ್‌ನಲ್ಲಿ ಮರಳಿ ಬರುತ್ತದೆ. ಸರಳವಾದ ಈ ಹಂದರದ ಮೇಲೆಯೇ ಕೋಲ್ಟ್ರೇನ್ 1959ರಲ್ಲಿ ‘ಕೌಂಟ್‌ಡೌನ್’ ಎಂಬ ಕಠಿಣ ಕೃತಿಯನ್ನು ಕಟ್ಟಿದ. ಸಂಗೀತ ಕಲಿಯುವ ಹುಡುಗರು ‘ಟ್ಯೂನ್ ಅಪ್’ ಅನ್ನು ಈಗಲೂ ಅಭ್ಯಾಸ ಮಾಡುತ್ತಾರೆ. ವಿನ್ಸನ್ 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಹುಡುಗರ ಮುಂದಿರುವ ಹಾಳೆಯ ಮೂಲೆಯಲ್ಲಿ ಕೃತಿಕಾರನೆಂದು ಅಚ್ಚಾಗಿರುವುದು ಡೇವಿಸ್ ಹೆಸರು.