ಲಿನಕ್ಸ್ ಹಾಕಿಕೊಟ್ಟವರು ವೈಫೈ ಹತ್ತುವ ತನಕ ಏಳಬಾರದು

2025ರ ದೊಡ್ಡಹಬ್ಬಕ್ಕೆ ಶಿರಸಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ನಮ್ಮ ಕಡೆ ದೀಪಾವಳಿಗೆ ಹಾಗೇ ಹೇಳುವುದು. ಕಾರವಾರದಿಂದ ಹೊರಡುವಾಗ ನನ್ನ ಹಳೆಯ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. 2014ರಲ್ಲಿ ತೆಗೆದುಕೊಂಡದ್ದು. ಅಕ್ಕನ ಮಗಳು ಡಿಗ್ರಿಗೆ ಸೇರಿದ್ದಾಳೆ, ಅವಳಿಗೆ ಕೊಡೋಣ ಅಂತ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿತ್ತು. ವಿಂಡೋಸ್ 11 ಇಷ್ಟು ಹಳೆಯ ಮಷಿನ್‌ಗೆ ಆಗಲ್ಲ. ಆದರೆ ಅದರ ಕೀಬೋರ್ಡ್, ಪರದೆ, ಪ್ರೊಸೆಸರ್ ಎಲ್ಲ ಚೆನ್ನಾಗಿಯೇ ಇದ್ದವು. ವಿಂಡೋಸ್ ಬದಲು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ಬಗೆಯಾದ ಡೆಬಿಯನ್ 13 ಹಾಕಿಕೊಟ್ಟರೆ ಇನ್ನೂ ಐದು ವರ್ಷ ನಡೆಯುತ್ತದೆ ಅನ್ನುವ ನಂಬಿಕೆ ನನಗಿತ್ತು.

ಇನ್‌ಸ್ಟಾಲ್ ಶುರು ಮಾಡಿದೆ. ಭಾಷೆ, ಕೀಬೋರ್ಡ್ ಎಲ್ಲ ಸರಾಗವಾಗಿ ಆಯಿತು. ನೆಟ್‌ವರ್ಕ್ ಹಂತಕ್ಕೆ ಬಂದಾಗ ನಿಂತುಬಿಟ್ಟಿತು. ಮನೆಯ ವೈಫೈ ಹೆಸರು ಕಾಣಲಿಲ್ಲ. ಹೆಸರು ಹೋಗಲಿ, ಲ್ಯಾಪ್‌ಟಾಪಿನಲ್ಲಿ ವೈಫೈ ಕಾರ್ಡ್ ಇದೆ ಅನ್ನುವುದೇ ಅದಕ್ಕೆ ಗೊತ್ತಾಗಲಿಲ್ಲ. ಲ್ಯಾನ್ ಕೇಬಲ್ ಹಾಕೋಣ ಅಂದರೆ ಹತ್ತು ವರ್ಷ ಕಡಲ ಗಾಳಿ ಕುಡಿದ ಪೋರ್ಟ್ ಅದು. ಟಾರ್ಚ್ ಬಿಟ್ಟು ನೋಡಿದೆ, ಒಳಗಿನ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಸಮುದ್ರದ ಹತ್ತಿರ ಇರುವವರಿಗೆ ಇದು ಹೊಸದಲ್ಲ.

ಅಲ್ಲೇ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಕೇಳಿದಳು: "ಮಾವ, ಇದು ಹಾಳಾಗಿದ್ಯಾ?"

ಈ ಮಾತಿಗಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಲಿನಕ್ಸ್ ಬಿಟ್ಟುಹೋದವರಲ್ಲಿ ಎಷ್ಟೋ ಜನ ಬಿಟ್ಟದ್ದು ಇದೇ ಹಂತದಲ್ಲಿ. ಅವರಿಗೆ ಲಿನಕ್ಸ್ ಹಾಕು ಅಂತ ಹುರಿದುಂಬಿಸಿದವರು ನಾವೇ. ಪೆನ್‌ಡ್ರೈವ್ ಕೊಟ್ಟು, "ಸುಲಭ ಇದೆ, ನೆಕ್ಸ್ಟ್ ಒತ್ತುತ್ತಾ ಹೋಗು" ಅಂದು ಎದ್ದು ಬಂದಿರುತ್ತೇವೆ. ವೈಫೈ ಬರುವುದಿಲ್ಲ. ಯಾಕೆ ಅಂತ ಹುಡುಕಲು ನೆಟ್ ಬೇಕು, ನೆಟ್ ಬರಲು ವೈಫೈ ಬೇಕು. ಬೆಂಗಳೂರಿನಲ್ಲಾದರೆ ಪಕ್ಕದಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇರುತ್ತದೆ, ಗೆಳೆಯ ಇರುತ್ತಾನೆ. ತೋಟದ ನಡುವಿನ ಒಂಟಿ ಮನೆಯಲ್ಲಿ ಯಾರಿರುತ್ತಾರೆ?

ಕಾರಣ ಏನು ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ವೈಫೈ ಚಿಪ್ ಕೆಲಸ ಮಾಡಬೇಕಾದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಅದನ್ನು ನಡೆಸುವ ಕೋಡ್, ಅಂದರೆ ಡ್ರೈವರ್ ಇರಬೇಕು. ಬಹಳಷ್ಟು ಚಿಪ್‌ಗಳಿಗೆ ಚಿಪ್‌ನ ಒಳಗೇ ಓಡುವ ಫರ್ಮ್‌ವೇರ್ ಅನ್ನುವ ಇನ್ನೊಂದು ಫೈಲೂ ಬೇಕು. ಮೊದಲೆಲ್ಲ ಡೆಬಿಯನ್‌ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಕ್ತವಲ್ಲದ, ಅಂದರೆ ಮೂಲ ಕೋಡ್ ಬಿಟ್ಟುಕೊಡದ ಫರ್ಮ್‌ವೇರ್ ಇರುತ್ತಿರಲಿಲ್ಲ. 2022ರಲ್ಲಿ ಡೆಬಿಯನ್ ಡೆವಲಪರ್‌ಗಳು ಮತ ಹಾಕಿ ಅದನ್ನು ಸೇರಿಸಲು ಒಪ್ಪಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತಿದೆ. ಒಳ್ಳೆಯ ತೀರ್ಮಾನ. ಅದರಿಂದ ಎಷ್ಟೋ ಜನರ ಕಷ್ಟ ತಪ್ಪಿದೆ. ಆದರೆ ನನ್ನ ಲ್ಯಾಪ್‌ಟಾಪಿನ ಚಿಪ್‌ಗೆ ಫರ್ಮ್‌ವೇರ್ ಅಷ್ಟೇ ಸಾಲುತ್ತಿರಲಿಲ್ಲ. ಅದರ ಡ್ರೈವರೇ ತಯಾರಕರು ಮುಚ್ಚಿಟ್ಟ ಕೋಡ್. ಅದನ್ನು ಬೇರೆಯಾಗಿ ಇಳಿಸಿ, ನಮ್ಮ ಕರ್ನಲ್‌ಗೆ ಹೊಂದುವಂತೆ ಕಂಪೈಲ್ ಮಾಡಿಕೊಳ್ಳಬೇಕು, ಅಂದರೆ ಓಡುವ ರೂಪಕ್ಕೆ ಕಟ್ಟಿಕೊಳ್ಳಬೇಕು. ದುಡ್ಡು ಕೊಟ್ಟು ಕೊಂಡ ಚಿಪ್ ಅದು. ಅದನ್ನು ನಡೆಸುವ ಕೋಡನ್ನು ಕೊಂಡವರಿಂದಲೇ ಮುಚ್ಚಿಡುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಹಾಗಾದರೆ ಮೊದಲ ನೆಟ್ ಎಲ್ಲಿಂದ ತರುವುದು? ಫೋನಿನಿಂದ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್‌ನಲ್ಲಿ ಹಂಚುವುದು) ಆನ್ ಮಾಡಿದರೆ ಲಿನಕ್ಸ್ ಅದನ್ನು ವೈರ್ ಇರುವ ನೆಟ್‌ವರ್ಕ್ ಅಂತಲೇ ತಿಳಿಯುತ್ತದೆ. ಅಕ್ಕನ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಮಾತಾಡಬೇಕಾದರೆ ಗುಡ್ಡ ಹತ್ತಬೇಕು. ಇರುವುದು ಫೈಬರ್ ವೈಫೈ ಒಂದೇ. ಚಿಂತೆ ಇಲ್ಲ, ಬಹಳಷ್ಟು ಫೋನ್‌ಗಳು ತಾವು ಹಿಡಿದ ವೈಫೈಯನ್ನೇ ಕೇಬಲ್ ಮೂಲಕ ದಾಟಿಸುತ್ತವೆ. ಇದು ಗೊತ್ತಿಲ್ಲದವರು ಜಾಸ್ತಿ.

ಮೊದಲ ಕೇಬಲ್‌ನಲ್ಲಿ ಆಗಲಿಲ್ಲ. ಫೋನ್ ಚಾರ್ಜ್ ಆಗುತ್ತಿತ್ತು, ಟೆದರಿಂಗ್ ಬಟನ್ ಮಾತ್ರ ಮಸುಕಾಗಿಯೇ ಇತ್ತು. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಡೇಟಾದ ತಂತಿಯೇ ಇರುವುದಿಲ್ಲ. ಭಾವನ ಫೋನಿನ ಕೇಬಲ್ ತಂದು ಹಾಕಿದೆವು, ಬಟನ್ ಜೀವ ಪಡೆಯಿತು. ಇನ್‌ಸ್ಟಾಲರಿನಲ್ಲಿ ಒಂದು ಹಂತ ಹಿಂದೆ ಹೋಗಿ ನೆಟ್‌ವರ್ಕ್ ಹಾರ್ಡ್‌ವೇರ್ ಮತ್ತೆ ಹುಡುಕಿಸಿದೆ. ಸಿಕ್ಕಿತು. ಅಷ್ಟರಲ್ಲಿ ಗುಡುಗು ಶುರುವಾಯಿತು, ಕರೆಂಟ್ ಹೋಯಿತು, ಜೊತೆಗೆ ರೌಟರೂ. ಉಳಿದದ್ದು ಮಾರನೇ ದಿನ ಬೆಳಿಗ್ಗೆ.

ಬೆಳಿಗ್ಗೆ ಡೆಸ್ಕ್‌ಟಾಪ್ ಬಂದ ಮೇಲೆ ಟರ್ಮಿನಲ್ ತೆರೆದು ಒಳಗಿನ ಹಾರ್ಡ್‌ವೇರ್ ಪಟ್ಟಿ ಮಾಡುವ 'ಎಲ್‌ಎಸ್‌ಪಿಸಿಐ' ಆಜ್ಞೆಯನ್ನು 'ಎನ್‌ಎನ್‌ಕೆ' ಸೇರಿಸಿ (lspci -nnk) ಅವಳ ಕೈಯಲ್ಲೇ ಟೈಪ್ ಮಾಡಿಸಿದೆ. ನೆಟ್‌ವರ್ಕ್ ಕಂಟ್ರೋಲರ್ ಅನ್ನುವ ಸಾಲಿನ ಕೊನೆಗೆ ಚೌಕ ಆವರಣದಲ್ಲಿ ನಾಲ್ಕು ಮತ್ತು ನಾಲ್ಕು ಅಕ್ಷರಗಳ ಒಂದು ಗುರುತು ಇರುತ್ತದೆ. ಚಿಪ್‌ನ ನಿಜವಾದ ಹೆಸರು ಅದು. ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹುಡುಕುತ್ತಾ ಕೂರಬೇಡಿ, ಈ ಗುರುತನ್ನು ಹುಡುಕಿ. ಅದರ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಅಂತ ತೋರಿಸುವ ಸಾಲು ಇರಬೇಕಿತ್ತು. ನಮ್ಮದರಲ್ಲಿ ಇರಲಿಲ್ಲ. ರೋಗ ಎಲ್ಲಿದೆ ಅಂತ ಅಲ್ಲಿಗೆ ಖಚಿತವಾಯಿತು. ಡ್ರೈವರ್ ಬಳಕೆಯಲ್ಲಿದ್ದೂ ವೈಫೈ ಬರದಿದ್ದರೆ 'ಆರ್‌ಎಫ್‌ಕಿಲ್ ಲಿಸ್ಟ್' (rfkill list) ಆಜ್ಞೆ ಕೊಟ್ಟು ನೋಡಿ. ಏರೋಪ್ಲೇನ್ ಚಿತ್ರದ ಕೀ ಒತ್ತಿಹೋಗಿ ರೇಡಿಯೋ ಬಂದ್ ಆಗಿರಬಹುದು.

ಸಾಫ್ಟ್‌ವೇರ್ ಮೂಲಗಳ ಪಟ್ಟಿಗೆ ನಾನ್‌ಫ್ರೀ (ಮುಕ್ತವಲ್ಲದ ಸಾಫ್ಟ್‌ವೇರ್‌ನ) ವಿಭಾಗ ಸೇರಿಸಿ, ಕಂಪೈಲ್‌ಗೆ ಬೇಕಾಗುವ ಕರ್ನಲ್ ಹೆಡರ್ಸ್ ಮತ್ತು ಡ್ರೈವರ್ ಇಳಿಸಿದೆವು. ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆ ಆನ್ ಇದ್ದರೆ ಸಹಿ ಇಲ್ಲದ ಇಂಥ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ, ಅದನ್ನು ನಾನು ಮೊದಲೇ ಆಫ್ ಮಾಡಿದ್ದೆ. ಕಂಪೈಲ್ ಮುಗಿಯಿತು. ರೀಬೂಟ್ ಮಾಡಿದೆವು.

ಮನೆಯ ರೌಟರ್ ಎರಡು ಹೆಸರಿನಲ್ಲಿ ವೈಫೈ ಬಿಡುತ್ತದೆ. ಕಂಡದ್ದು ಒಂದೇ. ಅವಳ ಮುಖ ಮತ್ತೆ ಸಪ್ಪಗಾಯಿತು. ಹಳೆಯ ಚಿಪ್, ಅದಕ್ಕೆ 2.4 ಗಿಗಾಹರ್ಟ್ಸ್ ಅಲೆ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಹೆಸರು ಅದಕ್ಕೆ ಕಾಣುವುದೇ ಇಲ್ಲ ಅಂತ ವಿವರಿಸಿದೆ. ಅದರಿಂದ ನಷ್ಟವೇನೂ ಇಲ್ಲ. ಅಕ್ಕನ ಮನೆಯ ದಪ್ಪ ಮಣ್ಣಿನ ಗೋಡೆ ದಾಟಿ ಒಳಗಿನ ಕೋಣೆಗೆ ಚೆನ್ನಾಗಿ ಬರುವುದು 2.4 ತಾನೇ. ಪಾಸ್‌ವರ್ಡ್ ಅವಳೇ ಹಾಕಿದಳು. ಹತ್ತಿತು.

ಒಟ್ಟು ಒಂದು ಸಂಜೆ, ಒಂದು ಬೆಳಿಗ್ಗೆ. ಅಷ್ಟು ಹೊತ್ತು ಕೂರಲು ಆಗದಿದ್ದರೆ ಯಾರಿಗೂ ಲಿನಕ್ಸ್ ಹಾಕು ಅನ್ನಬೇಡಿ, ದಯವಿಟ್ಟು. ಕೂರಲು ಆಗುತ್ತದೆ ಅಂದರೆ ಮೊದಲು ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವಂಥದ್ದು) ಬೂಟ್ ಮಾಡಿ ವೈಫೈ ಬರುತ್ತದಾ ನೋಡಿ, ಆಮೇಲೆ ಡಿಸ್ಕ್ ಮುಟ್ಟಿ. ಡೇಟಾ ದಾಟಿಸುವ ಕೇಬಲ್ ಒಂದು ಜೇಬಿನಲ್ಲಿರಲಿ.

ಶಿರಸಿ, ಕುಮಟಾ, ಅಂಕೋಲಾ, ಕಾರವಾರದ ಕಡೆ ಯಾರಾದರೂ ಹೀಗೆ ಅರ್ಧಕ್ಕೆ ನಿಂತಿದ್ದರೆ ಆ ನೆಟ್‌ವರ್ಕ್ ಕಂಟ್ರೋಲರ್ ಸಾಲಿನ ಫೋಟೊ ತೆಗೆದು ನನಗೆ ಕಳಿಸಿ. ಭಾನುವಾರ ಮನೆಯಲ್ಲೇ ಇರುತ್ತೇನೆ.